ಗಸಗಸೆ ಗಿಡದ ಹಾಲು ಮತ್ತು ಅಳುವ ಕೂಸು

ಹಬ್ಬದ ದಿನ ಒಬ್ಬಟ್ಟಿನ ಊಟ ಮುಗಿಸಿ, ಮೇಲೊಂದು ಲೋಟ ಗಸಗಸೆ ಪಾಯಸ ಕುಡಿದು ಕೈ ತೊಳೆಯೋ ಹೊತ್ತಿಗೆ ಕಣ್ಣು ಎಳೆಯೋಕೆ ಶುರುವಾಗೋದು ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ಹೊಸದೇನಲ್ಲ. "ಗಸಗಸೆ ಅಲ್ವಾ, ನಿದ್ದೆ ಬರುತ್ತೆ" ಅಂತ ಹಿರಿಯರು ಚಾಪೆ ಹಾಸಿಬಿಡ್ತಾರೆ. (ನಾಲ್ಕು ಒಬ್ಬಟ್ಟು ತಿಂದಿದ್ದರ ಪಾಲೂ ಅದರಲ್ಲಿದೆ, ಆದ್ರೆ ಅದನ್ನ ಯಾರೂ ಒಪ್ಪಲ್ಲ ಬಿಡಿ!) ಇದೇ ಗಸಗಸೆ ಪೊಟ್ಟಣ ಹಿಡ್ಕೊಂಡು ದುಬೈ ವಿಮಾನ ಹತ್ತಿದ್ರೆ ಮಾತ್ರ ಕಥೆ ಬೇರೆ. ಅಲ್ಲಿ ಅದು ನಿಷೇಧಿತ ವಸ್ತು, ಜೈಲಿಗೂ ಹೋಗಬೇಕಾಗಬಹುದು.

ಬೀಜಕ್ಕೆ ಅಂಟಿಕೊಂಡ ಚೂರುಪಾರು ಬಿಟ್ರೆ ಅದರಲ್ಲಿ ಅಮಲಿಲ್ಲ. ಅಮಲಿರೋದು ಕಾಯಿಯ ಹಾಲಿನಲ್ಲಿ. ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಬಿಳಿ ಹಾಲು ಗಾಳಿಗೆ ಗಟ್ಟಿಯಾಗಿ ಕಂದು ಬಣ್ಣದ ಅಂಟಾಗುತ್ತೆ. ಅದೇ ಅಫೀಮು. ಅದರೊಳಗಿನ ಮಾರ್ಫೀನನ್ನು ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬೇರ್ಪಡಿಸಿದವನು ಜರ್ಮನಿಯ ಸೆರ್ಟ್ಯೂರ್ನರ್, ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ಆಸುಪಾಸಿನ ಹುಡುಗ. ನೋವು ಕೊಲ್ಲೋದ್ರಲ್ಲಿ ಇವತ್ತಿಗೂ ಅದಕ್ಕೆ ಸಮಾನವಾದ ಮದ್ದು ಕಮ್ಮಿ. ಚಟ ಹಿಡಿಸೋದ್ರಲ್ಲೂ ಅಷ್ಟೇ.

ನಾನಿವತ್ತು ಬರೀಬೇಕು ಅಂತಿರೋದು ಈ ಹಾಲಿಗೂ ಹಸುಗೂಸುಗಳಿಗೂ ಇರುವ ಹಳೇ ನಂಟಿನ ಬಗ್ಗೆ. ಆ ನಂಟಿಗೆ ಎರಡು ಮುಖ. ಒಂದು, ಅಳುವ ಕೂಸನ್ನ ಮಲಗಿಸೋಕೆ ಅಫೀಮು ಕೊಟ್ಟಿದ್ದು. ಇನ್ನೊಂದು, ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಿಂದ ಬರುತ್ತಿದ್ದ ಮದ್ದು ಹೆರಿಗೆಯಾದ ಕೂಡಲೇ ನಿಂತುಹೋಗಿ ಕೂಸು ಅಳೋದು. ಎರಡರಲ್ಲೂ ಬೈಸಿಕೊಂಡವಳು ಒಬ್ಬಳೇ, ತಾಯಿ.

*

ನಮ್ಮ ಸೀಮೆಯಿಂದಲೇ ಶುರು ಮಾಡೋಣ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟಿಷ್ ವೈದ್ಯನನ್ನು ಕಂಪನಿ ಸರ್ಕಾರ ಮೈಸೂರು ರಾಜ್ಯ ಸುತ್ತಿ ವರದಿ ಕೊಡು ಅಂತ ಕಳಿಸ್ತು. ಬೆಳೆ, ಮಣ್ಣು, ಮಗ್ಗ, ಜಾತಿ, ಕೂಲಿ, ಕಂಡದ್ದೆಲ್ಲ ಬರೆದಿಟ್ಟ ಪುಣ್ಯಾತ್ಮ. ಹೊಸಕೋಟೆಯಾಚೆ ಕೋಲಾರದ ಸೀಮೆಯಲ್ಲಿ ಗಸಗಸೆ ಬೆಳೆಯೋದನ್ನೂ ಆತ ಕಂಡಿದ್ದಾನೆ. ಅಫೀಮಿಗೂ ಬೆಳೀತಿದ್ರು, ಸಿಹಿ ತಿಂಡಿಗೆ ಹಾಕುವ ಬೀಜಕ್ಕೂ ಬೆಳೀತಿದ್ರು. ಅಂದ್ರೆ ಅಫೀಮು ಎಲ್ಲೋ ಚೀನಾದ, ಮಾಳವದ ಕಥೆಯಲ್ಲ. ನಮ್ಮ ಪಕ್ಕದ ಹೊಲದ್ದೇ.

ಆಮೇಲೆ ಬ್ರಿಟಿಷರು 1857 ಮತ್ತು 1878ರ ಕಾನೂನುಗಳಿಂದ ಬೆಳೆಯನ್ನೂ ಮಾರಾಟವನ್ನೂ ಬಿಗಿ ಮಾಡಿದ್ರು. ಮೈಸೂರು ಸಂಸ್ಥಾನದಲ್ಲೂ ಅಫೀಮು ಅಬಕಾರಿ ಬಾಬ್ತಾಯ್ತು, ಲೈಸೆನ್ಸ್ ಅಂಗಡಿಯ ಸರಕಾಯ್ತು. ಇವತ್ತು ಸರ್ಕಾರದ ಪರವಾನಗಿಯಲ್ಲಿ ಈ ಬೆಳೆ ಬೆಳೆಯೋದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ಭಾಗಗಳಲ್ಲಿ ಮಾತ್ರ.

ಆಸ್ಪತ್ರೆ ಇಲ್ಲದ ಕಾಲ ಅದು. ಕೆಮ್ಮಿಗೆ, ಭೇದಿಗೆ, ಕೀಲುನೋವಿಗೆ ಅಫೀಮೇ ಮದ್ದು. ದೊಡ್ಡವರಿಗೆ ಕೊಟ್ಟಿದ್ದು ಮಕ್ಕಳಿಗೂ ಬಂತು. 1893ರಲ್ಲಿ ಬ್ರಿಟಿಷ್ ಸರ್ಕಾರ ಲಾರ್ಡ್ ಬ್ರಾಸ್ಸಿಯ ಅಧ್ಯಕ್ಷತೆಯಲ್ಲಿ ಅಫೀಮಿನ ರಾಯಲ್ ಕಮಿಷನ್ ನೇಮಿಸ್ತು. ಊರೂರು ಸುತ್ತಿ ಸಾಕ್ಷಿ ಕೇಳಿ 1895ರಲ್ಲಿ ವರದಿ ಕೊಟ್ರು, ಏಳು ಸಂಪುಟ! ದೇಶದ ಹಲವು ಕಡೆಯ ಸಾಕ್ಷಿಗಳು ಕೂಸುಗಳಿಗೆ ಅಫೀಮು ಕೊಡುವ ರೂಢಿಯನ್ನ ಮಳೆ ಬಿಸಿಲಿನಷ್ಟೇ ಸಹಜ ಸಂಗತಿ ಅನ್ನೋ ಹಾಗೆ ಹೇಳಿದ್ದಾರೆ. ಕೊನೆಗೆ ಕಮಿಷನ್ ಅಫೀಮಿನಿಂದ ಅಂಥ ದೊಡ್ಡ ಹಾನಿಯೇನಿಲ್ಲ, ನಿಷೇಧ ಬೇಡ ಅಂತ ಷರಾ ಬರೀತು. ಹೆನ್ರಿ ವಿಲ್ಸನ್ ಅನ್ನೋ ಸದಸ್ಯರು ಮಾತ್ರ ಒಪ್ಪದೆ ಬೇರೆ ಟಿಪ್ಪಣಿ ಬರೆದ್ರು. ಖಜಾನೆಗೆ ದುಡ್ಡು ಬರ್ತಿದ್ದ ಬಾಬ್ತು ನೋಡಿ, ಕೂಸುಗಳ ಮಾತು ಸಂಪುಟಗಳ ನಡುವೆ ಎಲ್ಲೋ ಉಳಿದುಹೋಯ್ತು.

*

ತಾಯಂದಿರು ಯಾಕೆ ಕೊಡ್ತಿದ್ರು? ಅಜ್ಞಾನ ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋದು ಸುಲಭ. ಆದ್ರೆ ಬೊಂಬಾಯಿಯ ಹತ್ತಿ ಗಿರಣಿಗಳ ಕಥೆ ನೋಡಿ. 1921-22ರಲ್ಲಿ ಬೊಂಬಾಯಿ ಸರ್ಕಾರ ಡಾ. ಬಾರ್ನ್ಸ್ ಅನ್ನೋ ವೈದ್ಯೆಯನ್ನು ಗಿರಣಿ ಹೆಂಗಸರ ಹೆರಿಗೆ, ಬಾಣಂತನಗಳ ಸ್ಥಿತಿ ನೋಡೋಕೆ ನೇಮಿಸ್ತು. ಗಿರಣಿ ಹೆಂಗಸರಿಗೆ ಹುಟ್ಟಿದ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಕೊಡ್ತಾರೆ ಅಂತ ಅವರ ವರದಿ ಹೇಳ್ತು. ಅಫೀಮು ಬೆರೆಸಿದ ಆ ಪುಟ್ಟ ಗುಳಿಗೆಗೆ ಅಲ್ಲಿ 'ಬಾಲಗೋಲಿ' ಅಂತ ಹೆಸರು. ಗಾಂಧೀಜಿಯವರ ಗೆಳೆಯ ಸಿ.ಎಫ್. ಆಂಡ್ರ್ಯೂಸ್ ಕೂಡ 1920ರ ದಶಕದಲ್ಲಿ ಭಾರತದ ಅಫೀಮಿನ ಪಿಡುಗಿನ ಬಗ್ಗೆ ಬರೆದರು.

ನೂರಕ್ಕೆ 98 ತಾಯಂದಿರು ಕೆಟ್ಟವರಾಗಿರೋಕೆ ಸಾಧ್ಯವಾ? ಬೆಳಗಾದ್ರೆ ಗಿರಣಿ ಸೀಟಿ. ಕೂಸನ್ನ ನೋಡ್ಕೊಳ್ಳೋಕೆ ಊರಿನ ಅತ್ತೆಯಿಲ್ಲ, ಅಮ್ಮನಿಲ್ಲ. ಹೆರಿಗೆ ರಜೆ ಇಲ್ಲ. ಹಾಲೂಡಿಸೋಕೆ ಬಿಡುವಿಲ್ಲ. ಕೂಸು ಹತ್ತು ಗಂಟೆ ಮಲಗಿದ್ರೆ ಕೂಲಿ, ಇಲ್ಲದಿದ್ರೆ ಉಪವಾಸ. ಗುಳಿಗೆ ಕೂಸಿಗಲ್ಲ, ಗಿರಣಿಯ ಗಡಿಯಾರಕ್ಕೆ ಬೇಕಾಗಿತ್ತು.

ಇಂಗ್ಲೆಂಡಿನಲ್ಲೂ ಹೀಗೇ ಆಗಿತ್ತು. ಅಲ್ಲಿನ ಗಿರಣಿ ಊರುಗಳಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಅನ್ನೋ ಅಫೀಮಿನ ಸಿಹಿ ದ್ರವ ಕೂಸುಗಳ ಬಾಯಿಗೆ ಬೀಳ್ತಿತ್ತು. ಅಮೆರಿಕದಲ್ಲಿ ಮಿಸೆಸ್ ವಿನ್ಸ್ಲೋ ಹೆಸರಿನ ಮಾರ್ಫೀನ್ ಸಿರಪ್ಪು. ಬಾಟಲಿಯೊಳಗೆ ಏನಿದೆ ಅಂತ ಚೀಟಿಯ ಮೇಲೆ ಬರೀಲೇಬೇಕು ಅನ್ನೋ ಕಾನೂನು ಅಲ್ಲಿ ಬಂದಿದ್ದೇ 1906ರಲ್ಲಿ. ಅಲ್ಲಿವರೆಗೆ ಎಷ್ಟೋ ತಾಯಂದಿರಿಗೆ ತಾವು ಕೊಡ್ತಿರೋದು ಏನು ಅಂತಾನೇ ಗೊತ್ತಿರಲಿಲ್ಲ.

ನಮ್ಮಲ್ಲಿ ಹೊಲದ ಬದಿಯ ಮರಕ್ಕೆ ಸೀರೆ ಕಟ್ಟಿ ಜೋಳಿಗೆ ಮಾಡಿ ಕೂಸನ್ನ ಮಲಗಿಸಿ ಕಳೆ ಕೀಳೋಕೆ ಹೋಗ್ತಿದ್ದ ಹೆಂಗಸರನ್ನ ನೆನಪಿಸಿಕೊಳ್ಳಿ. ಕೂಸು ಅತ್ರೆ ಓಡಿಬಂದು ಎದೆಗೆ ಹಾಕ್ಕೊಳ್ಳೋಕೆ ಅಲ್ಲಿ ನಾಲ್ಕು ಹೆಜ್ಜೆ ಸಾಕು. ಗಿರಣಿ ಆ ನಾಲ್ಕು ಹೆಜ್ಜೆಯನ್ನ ಕಿತ್ಕೊಂಡಿತು. ಬೊಂಬಾಯಿ ಪ್ರಾಂತ್ಯದಲ್ಲಿ ಹೆರಿಗೆ ಭತ್ಯೆಯ ಕಾನೂನು ಬಂದಿದ್ದು 1929ರಲ್ಲಿ. 1948ರ ಫ್ಯಾಕ್ಟರಿ ಕಾನೂನು ಐವತ್ತಕ್ಕಿಂತ ಹೆಚ್ಚು ಹೆಂಗಸರು ಇರುವ ಕಡೆ ಶಿಶುಪಾಲನಾ ಕೊಠಡಿ ಇರಲೇಬೇಕು ಅಂತು. 1976ರಲ್ಲಿ ಆ ಲೆಕ್ಕ ಮೂವತ್ತಕ್ಕೆ ಇಳಿಯಿತು. 1959ರಲ್ಲಿ ಔಷಧಿಗಲ್ಲದ ಅಫೀಮಿನ ಬಹಿರಂಗ ಮಾರಾಟಕ್ಕೆ ದೇಶದಲ್ಲಿ ತೆರೆ ಬಿತ್ತು. ಗುಳಿಗೆ ಸಿಗದ ಹಾಗೆ ಮಾಡಿದ ಕಾನೂನಿನಷ್ಟೇ, ಗುಳಿಗೆ ಬೇಡವಾಗೋ ಹಾಗೆ ಮಾಡಿದ ಕಾನೂನುಗಳೂ ದೊಡ್ಡವು ಅಂತ ನನಗನ್ನಿಸುತ್ತೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗಗಳೂ ಇವೆ, ಅಪೆರಲ್ ಪಾರ್ಕಿನ ಗಾರ್ಮೆಂಟ್ಸೂ ಇವೆ. ಶಿಶುಪಾಲನಾ ಕೊಠಡಿ ಅನ್ನೋ ಒಣ ಪದದ ಹಿಂದೆ ಇಂಥ ಕಥೆ ಇದೆ ಅಂತ ಅಲ್ಲಿ ಎಷ್ಟು ಜನಕ್ಕೆ ಗೊತ್ತೋ.

*

ಈಗ ಎರಡನೇ ಮುಖಕ್ಕೆ ಬರ್ತೀನಿ.

ಅಫೀಮಿಗೆ ಒಗ್ಗಿದ ದೇಹಕ್ಕೆ ಅದು ಹಠಾತ್ತಾಗಿ ಸಿಗದಿದ್ರೆ ಬಾಧೆ ಶುರುವಾಗುತ್ತೆ. ಮೈ ನಡುಕ, ಬೆವರು, ಭೇದಿ, ನಿದ್ದೆಗೇಡು. ಡಾಕ್ಟರುಗಳು ಇದಕ್ಕೆ ವಿತ್‌ಡ್ರಾವಲ್ ಅಂತಾರೆ. ಗುಳಿಗೆ ತಿಂದ ಕೂಸಿಗೂ ಇದು ಆಗ್ತಿತ್ತು. ಗುಳಿಗೆ ಬಿಟ್ಟ ದಿನ ಕೂಸು ರಂಪ ಮಾಡ್ತಿತ್ತು, ಅದಕ್ಕೇ ಮತ್ತೆ ಗುಳಿಗೆ. ಬಸುರಿ ಹೆಂಗಸು ಅಫೀಮೋ ಮಾರ್ಫೀನೋ ತಗೊಳ್ತಿದ್ರೆ ಕೂಸು ಹುಟ್ಟುವಾಗಲೇ ಅದಕ್ಕೆ ಒಗ್ಗಿರುತ್ತೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಕ್ಷಣ ಸರಬರಾಜು ಬಂದ್. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಕೂಸು ಕಿರುಚಿ ಅಳುತ್ತೆ, ನಡುಗುತ್ತೆ, ಮೇಲಿಂದ ಮೇಲೆ ಸೀನುತ್ತೆ, ಆಕಳಿಸುತ್ತೆ, ಹಾಲು ಚೀಪೋಕೆ ಹೋಗಿ ಸೋಲುತ್ತೆ.

ಯುರೋಪಿನ ವೈದ್ಯರು ಇಂಥ ಕೂಸುಗಳ ಬಗ್ಗೆ ಬರೆಯೋಕೆ ಶುರು ಮಾಡಿದ್ದು 1870ರ ದಶಕದಲ್ಲಿ. ಆಗ ಚಿಕಿತ್ಸೆ ಸಿಗದ ಕೂಸುಗಳು ಎಷ್ಟೋ ಸತ್ತವು. ಒಂದು ಮಾತು ಇಲ್ಲಿ ಸ್ಪಷ್ಟ ಮಾಡಬೇಕು. ಆ ಕೂಸು 'ಚಟಗಾರ ಕೂಸು' ಅಲ್ಲ. ಚಟ ಅಂದ್ರೆ ಬೇಕು ಬೇಕು ಅಂತ ಹುಡುಕ್ಕೊಂಡು ಹೋಗೋದು. ಮೂರು ದಿನದ ಕೂಸು ಏನನ್ನ ಹುಡುಕುತ್ತೆ? ಅದರ ಮೈ ಒಂದು ಮದ್ದಿಗೆ ಒಗ್ಗಿದೆ, ಅಷ್ಟೇ. ಸರಿಯಾಗಿ ನೋಡ್ಕೊಂಡ್ರೆ ಕೆಲವು ದಿನ, ಹೆಚ್ಚಂದ್ರೆ ಕೆಲವು ವಾರಗಳಲ್ಲಿ ಈ ಬಾಧೆ ಇಳಿಯುತ್ತೆ.

1960ರ ದಶಕದಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಹೆರಾಯಿನ್ ಚಟದವರಿಗೆ ಮೆಥಡೋನ್ ಅನ್ನೋ ಬದಲಿ ಮದ್ದು ಕೊಟ್ಟು ನೋಡಿದ್ರು. 1965ರಲ್ಲಿ ಅವರ ವರದಿ ಬಂತು. "ಒಂದು ಅಮಲು ಬಿಡಿಸಿ ಇನ್ನೊಂದು ಹಿಡಿಸಿದ ಹಾಗಲ್ವಾ?" ಅಂತ ಆಗಲೂ ಕೇಳಿದ್ರು, ಈಗಲೂ ಕೇಳ್ತಾರೆ. ಹೆರಾಯಿನ್ ದಿನಕ್ಕೆ ಹಲವು ಸಲ ಏರಿ ಇಳಿಯುತ್ತೆ. ಇಳಿದಾಗೆಲ್ಲ ತಾಯಿಗೂ ಬಾಧೆ, ಹೊಟ್ಟೆಯ ಕೂಸಿಗೂ ಬಾಧೆ. ಸೂಜಿಯಿಂದ ಎಚ್‌ಐವಿ, ಕಾಮಾಲೆಯ ಭಯ ಬೇರೆ. ಬದಲಿ ಮದ್ದು ದಿನವಿಡೀ ಒಂದೇ ಮಟ್ಟದಲ್ಲಿರುತ್ತೆ. ಅಮಲೇರಿಸಲ್ಲ, ಬಾಧೆಗೂ ಬಿಡಲ್ಲ. ತಾಯಿ ಊಟ ಮಾಡ್ತಾಳೆ, ತಪಾಸಣೆಗೆ ಬರ್ತಾಳೆ, ಕೂಸು ತುಂಬುದಿನಕ್ಕೆ ಹುಟ್ಟುವ ಸಾಧ್ಯತೆ ಹೆಚ್ಚುತ್ತೆ. ಹುಟ್ಟಿದ ಮೇಲೆ ಕೂಸಿಗೆ ಬಾಧೆ ಬರಬಹುದು, ನಿಜ. ಆದ್ರೆ ಅದು ಮೊದಲೇ ಗೊತ್ತಿರುವ, ಚಿಕಿತ್ಸೆ ಇರುವ ಬಾಧೆ.

ಆ ಬಾಧೆಯನ್ನ ಅಳೆಯೋಕೆ 1975ರಲ್ಲಿ ಫಿಲಡೆಲ್ಫಿಯಾದ ಲೊರೆಟ್ಟಾ ಫಿನೆಗನ್ ಒಂದು ಅಂಕಪಟ್ಟಿ ಮಾಡಿದ್ರು. ಅಳುವಿಗಿಷ್ಟು, ನಡುಕಕ್ಕಿಷ್ಟು, ಸೀನಿಗಿಷ್ಟು. ಒಟ್ಟು ಅಂಕ ಮಿತಿ ದಾಟಿದ್ರೆ ಕೂಸಿಗೆ ಹನಿ ಮಾರ್ಫೀನ್ ಕೊಟ್ಟು ನಿಧಾನಕ್ಕೆ ಇಳಿಸೋದು. ಲಕ್ಷಾಂತರ ಅಂಕಪಟ್ಟಿ ತುಂಬಿರಬೇಕು ಆಮೇಲೆ. ಎಷ್ಟೋ ಜೀವ ಉಳಿಸಿದ ಪಟ್ಟಿ ಅದು. ಆದ್ರೆ ಕೂಸು ತಾಯಿಯಿಂದ ದೂರ, ದೀಪ ಉರಿಯುವ ಐಸಿಯುನಲ್ಲಿ ಮಲಗೋದು ರೂಢಿಯಾಯ್ತು.

ಜೊತೆಗೆ ಪೊಲೀಸರೂ ಬಂದ್ರು! 1980ರ ದಶಕದ ಕೊನೆಗೆ ಕೊಕೇನಿನ ಗಾಬರಿಯಲ್ಲಿ ಅಮೆರಿಕದ ಚಾರ್ಲ್‌ಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಬಸುರಿಯರ ಮೂತ್ರ ಪರೀಕ್ಷೆ ಮಾಡಿ ಪೊಲೀಸರಿಗೆ ಸುದ್ದಿ ಕೊಡೋ ಪದ್ಧತಿ ಶುರುವಾಯ್ತು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಪೊಲೀಸರಿಗಾಗಿ ಹೀಗೆ ಪರೀಕ್ಷೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಯೋಚಿಸಿ, ಬೇಡಿ ಕಾಯ್ತಿದೆ ಅಂತ ಗೊತ್ತಾದ್ರೆ ಯಾವ ಬಸುರಿ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾಳೆ?

2010ರಲ್ಲಿ 175 ಬಸುರಿಯರನ್ನ ಸೇರಿಸಿಕೊಂಡ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಒಂದು ಗುಂಪಿಗೆ ಮೆಥಡೋನ್, ಇನ್ನೊಂದಕ್ಕೆ ಬುಪ್ರಿನಾರ್ಫಿನ್ ಅನ್ನೋ ನಾಲಿಗೆಯಡಿ ಇಡುವ ಮಾತ್ರೆ. ಬುಪ್ರಿನಾರ್ಫಿನ್ ತಗೊಂಡವರ ಕೂಸುಗಳಿಗೆ ಸರಾಸರಿ 1.1 ಮಿಲಿಗ್ರಾಂ ಮಾರ್ಫೀನ್ ಸಾಕಾಯ್ತು. ಮೆಥಡೋನ್ ತಗೊಂಡವರ ಕೂಸುಗಳಿಗೆ 10.4 ಬೇಕಾಯ್ತು. ಆಸ್ಪತ್ರೆವಾಸ 17.5 ದಿನದ ಬದಲು 10 ದಿನ. ಆದ್ರೆ ಬುಪ್ರಿನಾರ್ಫಿನ್ ಗುಂಪಿನಲ್ಲಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು ಹೆಚ್ಚು. ಹಾಗಾಗಿ ಎರಡೂ ಮದ್ದುಗಳಿಗೆ ಜಾಗ ಉಳೀತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಬಸುರಿಯರಿಗೆ ಹಠಾತ್ತಾಗಿ ಬಿಡಿಸೋದಕ್ಕಿಂತ ಬದಲಿ ಮದ್ದಿನಲ್ಲಿ ಮುಂದುವರಿಸೋದೇ ಮೇಲು ಅಂತು. ವಿಶೇಷ ಅಪಾಯ ಇಲ್ಲದಿದ್ರೆ ಎದೆಹಾಲು ಕೊಡಿಸಿ ಅಂತಲೂ ಅಂತು.

*

ಈಗ ನನಗೆ ತುಂಬಾ ಹಿಡಿಸಿದ ಭಾಗ. 2023ರಲ್ಲಿ ಅಮೆರಿಕದ 26 ಆಸ್ಪತ್ರೆಗಳ 1,305 ಕೂಸುಗಳ ಅಧ್ಯಯನ ಪ್ರಕಟವಾಯ್ತು. ಉದ್ದದ ಅಂಕಪಟ್ಟಿ ಪಕ್ಕಕ್ಕಿಟ್ಟು ಮೂರೇ ಪ್ರಶ್ನೆ ಕೇಳೋ ವಿಧಾನ ಅದು. ಕೂಸು ಹಾಲು ಕುಡೀತಾ? ಒಂದಿಷ್ಟು ಹೊತ್ತು ನಿದ್ದೆ ಮಾಡ್ತಾ? ಎತ್ತಿಕೊಂಡ್ರೆ ಸಮಾಧಾನ ಆಗ್ತಾ? ಮೊದಲ ಮದ್ದು ತಾಯಿಯ ಮಡಿಲು. ಮಂದ ಬೆಳಕು, ಸದ್ದಿಲ್ಲದ ಕೋಣೆ, ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಳ್ಳೋದು, ಕೇಳಿದಾಗ ಹಾಲು. ಅದರಲ್ಲೂ ಆಗದಿದ್ರೆ ಮಾತ್ರ ಮಾರ್ಫೀನ್. ಹಳೇ ವಿಧಾನದಲ್ಲಿ ನೂರಕ್ಕೆ 52 ಕೂಸುಗಳಿಗೆ ಮದ್ದು ಬೇಕಾಗಿತ್ತು, ಇದರಲ್ಲಿ 20ಕ್ಕೂ ತುಸು ಕಮ್ಮಿ. ಮನೆಗೆ ಹೋಗೋ ಸ್ಥಿತಿಗೆ ಬರೋಕೆ ಸುಮಾರು 15 ದಿನದ ಬದಲು 8 ದಿನ.

ಓದ್ತಾ ಓದ್ತಾ ನಮ್ಮ ಬಾಣಂತಿ ಕೋಣೆ ಕಣ್ಣಿಗೆ ಬರಲಿಲ್ವಾ? ಕತ್ತಲೆ ಕೋಣೆ, ಗದ್ದಲ ಬೇಡ, ಕಂಡವರೆಲ್ಲ ಎತ್ಕೊಳ್ಳೋ ಹಾಗಿಲ್ಲ, ಹಳೇ ಮೆತ್ತನೆ ಸೀರೆಯಲ್ಲಿ ಸುತ್ತಿ ತಾಯಿ ಪಕ್ಕದಲ್ಲೇ ಮಲಗಿಸೋದು. ತಕ್ಷಣ "ಎಲ್ಲಾ ನಮ್ಮ ಪೂರ್ವಜರಿಗೆ ಗೊತ್ತಿತ್ತು" ಅಂತ ಎದೆ ತಟ್ಟಿಕೊಳ್ಳೋದು ಬೇಡ. ಅದೇ ಕೋಣೆಯಲ್ಲಿ ಕೆಂಡದ ಹೊಗೆಯೂ ಇತ್ತು, ಮೊದಲ ದಿನದ ಗಿಣ್ಣುಹಾಲನ್ನ ಹಿಂಡಿ ಚೆಲ್ಲೋದೂ ಇತ್ತು. ಬಜೆಯ ಜೊತೆ ಜಾಯಿಕಾಯಿಯನ್ನೂ ಅಳತೆಯಿಲ್ಲದೆ ತೇದು ನೆಕ್ಕಿಸೋದಿತ್ತು. ಆದ್ರೆ ಅಳುವ ಕೂಸನ್ನ ತಾಯಿಯಿಂದ ಬೇರೆ ಮಾಡಬಾರದು ಅನ್ನೋ ಒಂದು ವಿವೇಕ ಅಲ್ಲಿತ್ತು. ದೊಡ್ಡ ಆಸ್ಪತ್ರೆಗಳು ಐವತ್ತು ವರ್ಷ ಸುತ್ತಿ ಬಂದು ನಿಂತಿದ್ದು ಅಲ್ಲೇ.

*

ಇದೆಲ್ಲ ನಮಗ್ಯಾಕೆ ಅಂತೀರಾ? 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ಅಫೀಮು ಜಾತಿಯ ಮದ್ದು ಬಳಸುವವರು ಸುಮಾರು 2.26 ಕೋಟಿ. ಅದರಲ್ಲಿ ಹೆರಾಯಿನ್ ಮಾತ್ರ ಅಲ್ಲ, ಔಷಧಿ ಅಂಗಡಿಯ ನೋವಿನ ಮಾತ್ರೆಗಳೂ ಇವೆ. ಹೆಂಗಸರ ಪಾಲು ತೀರಾ ಸಣ್ಣದು, ಗಂಡಸರಲ್ಲಿ ನೂರಕ್ಕೆ 4 ಆದ್ರೆ ಹೆಂಗಸರಲ್ಲಿ 0.2. ಸಣ್ಣ ಸಂಖ್ಯೆಯ ಕಷ್ಟವೇ ಬೇರೆ. ಅಂಥವಳೊಬ್ಬಳು ಇರಬಹುದು ಅಂತ ಯಾರೂ ಎಣಿಸೋದೇ ಇಲ್ಲ, ಅವಳೂ ಬಾಯಿ ಬಿಡಲ್ಲ. ತಾಯಿ ಕಾರ್ಡಿನಲ್ಲಿ ರಕ್ತ, ಬಿಪಿ, ತೂಕ ಎಲ್ಲ ಬರೆಸ್ತಾಳೆ, ಈ ಒಂದು ಮಾತು ನುಂಗಿಕೊಳ್ತಾಳೆ. ಇಲ್ಲವೇ ಬಸುರಿ ಅಂತ ಗೊತ್ತಾದ ದಿನ ಗಾಬರಿಯಿಂದ ತಾನಾಗೇ ಎಲ್ಲ ನಿಲ್ಲಿಸಿಬಿಡ್ತಾಳೆ. ಅದು ಅವಳಿಗೂ ಕೂಸಿಗೂ ಅಪಾಯ.

1986ರಲ್ಲಿ ಬೆಂಗಳೂರಿನಿಂದ ಬೇರೆಯಾಗಿ, 2007ರಲ್ಲಿ ರಾಮನಗರ ಕಡೆಯದ್ದನ್ನ ಬಿಟ್ಟುಕೊಟ್ಟು ಉಳಿದ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಒಂದು ಅನುಕೂಲ ಇದೆ. ನೆಲಮಂಗಲವೋ ಹೊಸಕೋಟೆಯೋ, ಬಸ್ಸು ಹತ್ತಿದ್ರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಿಗುತ್ತೆ. ಚಟ ಬಿಡಿಸುವ ಚಿಕಿತ್ಸೆಗೆ ಅಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಮನೋರೋಗದ ಬಾಣಂತಿಯನ್ನ ಕೂಸಿನ ಸಮೇತ ಸೇರಿಸಿಕೊಳ್ಳುವ ತಾಯಿ-ಮಗು ವಾರ್ಡನ್ನೂ 2009ರಲ್ಲಿ ಶುರು ಮಾಡಿದವರು ಅವರು.

ಕಾನೂನೂ ನಾವಂದುಕೊಂಡಷ್ಟು ಕಲ್ಲುಹೃದಯದ್ದಲ್ಲ. 1985ರ ಮಾದಕವಸ್ತು ಕಾಯ್ದೆಯ 64-ಎ ಕಲಂ, ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ಚಟಪೀಡಿತರು ತಾವಾಗಿ ಬಂದು ಚಿಕಿತ್ಸೆ ತಗೊಂಡ್ರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಮದ್ಯ, ಮಾದಕದ ತೊಂದರೆಗಳೂ ಬರುತ್ತವೆ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆಗಿರುವ ತಾಯಿಯಿಂದ ಮೂರು ವರ್ಷದೊಳಗಿನ ಕೂಸನ್ನ ಸಾಮಾನ್ಯವಾಗಿ ಅಗಲಿಸಬಾರದು ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಅಜ್ಜಿಯ ವಿವೇಕ ಕಡೆಗೂ ರಾಜ್ಯಪತ್ರ ಸೇರಿದೆ.

ಗೊತ್ತಿರೋ ಹೆಣ್ಣುಮಗಳೊಬ್ಬಳು ಇಂಥ ಸಂಕಟದಲ್ಲಿದ್ರೆ "ಇವತ್ತೇ ಬಿಟ್ಟುಬಿಡು" ಅಂತ ಮಾತ್ರ ಹೇಳಬೇಡಿ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಅಥವಾ 14416ಕ್ಕೆ ಫೋನ್ ಮಾಡಿಸಿ. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದ ಉಚಿತ ಸೇವೆ ಅದು, ಕನ್ನಡದಲ್ಲೇ ಮಾತಾಡ್ತಾರೆ.

ಹಾಗೇ ಇನ್ನೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಳೇ ಕಾಲದ ಅಜ್ಜಿಯಂದಿರಿದ್ರೆ, ಅವರ ಕಾಲದಲ್ಲಿ ಅಳುವ ಕೂಸಿಗೆ ಏನೇನು ತೇದು ಕೊಡ್ತಿದ್ರು, ಕೆಲಸಕ್ಕೆ ಹೋಗುವಾಗ ಕೂಸನ್ನ ಯಾರ ಹತ್ತಿರ ಬಿಡ್ತಿದ್ರು ಅಂತ ಕೇಳಿ ಬರೆದಿಡಿ. ಕಮಿಷನ್ನುಗಳ ಸಂಪುಟಗಳಲ್ಲಿ ಡಾಕ್ಟರು, ಕಲೆಕ್ಟರುಗಳ ಮಾತು ಧಾರಾಳವಾಗಿದೆ. ಕೂಸನ್ನ ಎತ್ತಿಕೊಂಡಿದ್ದವರ ಮಾತನ್ನ ನಾವೇ ಬರ್ಕೋಬೇಕು.